ಪಾಪರ್ಸ್ ಮೇಲೆ ಬಿದ್ದ ಅನುಮಾನ

ಏಡ್ಸ್ ಅನ್ನೋ ಹೆಸರೇ ಇನ್ನೂ ಹುಟ್ಟಿರ್ಲಿಲ್ಲ. ಅಮೆರಿಕದ ಸಿಡಿಸಿಯಲ್ಲಿ, ಅಂದ್ರೆ ಅಲ್ಲಿನ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆಯಲ್ಲಿ, ಸ್ಯಾಂಡ್ರಾ ಫೋರ್ಡ್ ಅಂತ ಒಬ್ರು ಟೆಕ್ನಿಶಿಯನ್ ಇದ್ರು, ಪೆಂಟಮಿಡೀನ್ ಅನ್ನೋ ಅಪರೂಪದ ಔಷಧಿ ಬೇಕಿದ್ರೆ ಡಾಕ್ಟ್ರುಗಳು ಅವ್ರನ್ನೇ ಕೇಳ್ಬೇಕಿತ್ತು. ಮಾಮೂಲಿಯಾಗಿ ಅದು ಕ್ಯಾನ್ಸರ್ ಚಿಕಿತ್ಸೆಯಿಂದ ಸೊರಗಿದವ್ರಿಗೆ, ಕಿಡ್ನಿ ಕಸಿ ಮಾಡಿಸ್ಕೊಂಡವ್ರಿಗೆ ಬೇಕಾಗೋದು, ಆದ್ರೆ 1981ರಲ್ಲಿ ಯಾವ ಕಾರಣವೂ ಗೊತ್ತಿಲ್ದೆ ಗಟ್ಟಿಮುಟ್ಟಾದ ಹುಡುಗ್ರಿಗೆ ಅಂತ ಕೇಳೋಕೆ ಶುರು ಮಾಡಿದ್ರು. ಜೂನ್ 5ಕ್ಕೆ ವರದಿ ಬಂತು, ಲಾಸ್ ಏಂಜಲೀಸಿನ ಐದು ಜನಕ್ಕೆ ನ್ಯುಮೊಸಿಸ್ಟಿಸ್ ನ್ಯುಮೋನಿಯಾ, ಅಂದ್ರೆ ರೋಗನಿರೋಧಕ ಶಕ್ತಿ ಕುಸಿದವ್ರಿಗೆ ಬರೋ ಶ್ವಾಸಕೋಶದ ಸೋಂಕು, ಪೆಂಟಮಿಡೀನ್ ಬೇಕಾಗ್ತಿದ್ದಿದ್ದು ಇದಕ್ಕೇ. ಒಂದೇ ತಿಂಗಳಲ್ಲಿ ಇನ್ನೊಂದು: 26 ಜನಕ್ಕೆ ಕಪೋಸಿ ಸಾರ್ಕೋಮಾ, ಅಂದ್ರೆ ಮೈಮೇಲೆ ನೇರಳೆ ಕಲೆ ಎಬ್ಬಿಸೋ ಕ್ಯಾನ್ಸರ್, ಅಲ್ಲಿವರೆಗೆ ಹೆಚ್ಚಾಗಿ ವಯಸ್ಸಾದವ್ರ ಕಾಲಲ್ಲಿ ಕಾಣ್ತಿದ್ದಿದ್ದು.

ಎಲ್ಲಾ ಗೇ ಗಂಡಸರು. ಸರಿ, ಎಲ್ರ ಕಣ್ಣು ಅವ್ರ ಲೈಫ್‌ಸ್ಟೈಲ್ ಮೇಲೆ ಬಿತ್ತು. ಮುಖ್ಯ ಆರೋಪಿ ಪಾಪರ್ಸ್. ಅಮೈಲ್ ನೈಟ್ರೈಟ್ ಅನ್ನೋ ಎದೆನೋವಿನ ಔಷಧಿ, ಮೊದ್ಲು ಬಟ್ಟೆ ಸುತ್ತಿದ ಸಣ್ಣ ಗಾಜಿನ ಕೊಳವೆಯಲ್ಲಿ ಬರ್ತಿತ್ತು, ಬೆರಳಲ್ಲಿ ಅದುಮಿದ್ರೆ ಪಟ್ ಅಂತ ಒಡೆಯೋದು, ಹೆಸರು ಬಂದಿದ್ದೇ ಆ ಸದ್ದಿಂದ. ಡಿಸ್ಕೋಗಳಲ್ಲಿ ಮೂಸೋರು. ಸಿಡಿಸಿ 50 ರೋಗಿಗಳನ್ನ 120 ಹುಷಾರಾಗಿದ್ದ ಗೇ ಗಂಡಸರ ಜೊತೆ ಹೋಲಿಸಿ ನೋಡಿದ್ರೆ ಪಾಪರ್ಸನ್ನ ಹುಷಾರಾಗಿದ್ದವ್ರೂ ಮೂಸಿದ್ರು, ಎಲ್ಲಕ್ಕಿಂತ ಎದ್ದು ಕಂಡ ವ್ಯತ್ಯಾಸ ಸಂಗಾತಿಗಳ ಸಂಖ್ಯೆ. ಅಂದ್ರೆ ಏನೋ ಹರಡ್ತಿದೆ. 1982ರಲ್ಲಿ ಹಿಮೊಫಿಲಿಯಾ ರೋಗಿಗಳಿಗೂ, ಅಂದ್ರೆ ರಕ್ತ ಹೆಪ್ಪುಗಟ್ಟದೆ ಬೇರೆಯವ್ರ ರಕ್ತದಿಂದ ಮಾಡಿದ ಔಷಧಿ ತಗೊಳ್ತಿದ್ದವ್ರಿಗೂ ಬಂತು, ವರ್ಷದ ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ರಕ್ತ ಕೊಡಿಸ್ಕೊಂಡಿದ್ದ ಒಂದು ಕೂಸಿಗೂ. ಕೂಸಿಗೆಂಥ ಲೈಫ್‌ಸ್ಟೈಲು ಮಾರಾಯ್ರೆ! ಮುಂದಿನ ವರ್ಷ ಪ್ಯಾರಿಸಿನ ಪಾಸ್ಚರ್ ಸಂಸ್ಥೆಯವ್ರಿಗೆ ವೈರಸ್ ಸಿಕ್ತು, ಆಮೇಲೆ ಎಚ್‌ಐವಿ ಅಂತ ಹೆಸರಾಗಿದ್ದು ಅದೇ.

ಆದ್ರೂ ಒಂದು ಗಂಟು ಬಿಡ್ಲಿಲ್ಲ. ವೈರಸ್ ಒಂದೇ ಆದ್ರೆ ನೇರಳೆ ಕಲೆ ಗೇ ಗಂಡಸರಲ್ಲೇ ಯಾಕೆ ಜಾಸ್ತಿ? 1990ರ ಲೆಕ್ಕದಲ್ಲಿ ಏಡ್ಸ್ ಬಂದ ಗೇ ಗಂಡಸರಲ್ಲಿ ನೂರಕ್ಕೆ 21 ಜನಕ್ಕೆ, ಏಡ್ಸ್ ಬಂದ ಹಿಮೊಫಿಲಿಯಾದವ್ರಲ್ಲಿ ನೂರಕ್ಕೆ ಒಬ್ರಿಗೆ. ಪಾಪರ್ಸ್ ಥಿಯರಿ ಅಷ್ಟು ದಿನ ಉಸಿರಾಡ್ತಿದ್ದಿದ್ದೇ ಇದ್ರಿಂದ. 1994ರಲ್ಲಿ ಯುವಾನ್ ಚಾಂಗ್ ಮತ್ತು ಪ್ಯಾಟ್ರಿಕ್ ಮೂರ್ ಅನ್ನೋ ವಿಜ್ಞಾನಿಗಳು ಆ ಕಲೆಯೊಳಗೇ ಇನ್ನೊಂದು ವೈರಸ್ ಹಿಡಿದ್ರು, ಹರ್ಪಿಸ್ ಜಾತಿದು, ಅದು ಆ ಗುಂಪಲ್ಲಿ ಮೊದ್ಲೇ ಜಾಸ್ತಿ ಓಡಾಡ್ತಿತ್ತು. ಡಾಕ್ಟ್ರುಗಳು ನೋಡಿದ್ದು ಸುಳ್ಳಲ್ಲ, ಕಾರಣ ಮಾತ್ರ ತಪ್ಪು ಕಡೆ ಹುಡುಕಿದ್ರು.

ನಮ್ಮಲ್ಲಿ 1986ರಲ್ಲಿ ಚೆನ್ನೈಯಲ್ಲಿ ಡಾಕ್ಟರ್ ಸುನೀತಿ ಸಾಲೊಮನ್ ಮತ್ತು ಅವ್ರ ಶಿಷ್ಯೆ ನಿರ್ಮಲಾ ಮೊದಲ ಸೋಂಕು ಪತ್ತೆ ಮಾಡಿದ ಮೇಲೆ ಕತೆಯೇ ಬೇರೆ ಆಯ್ತು. ಇಲ್ಲಿ ನೇರಳೆ ಕಲೆ ಬಲು ಅಪರೂಪ. ಎಷ್ಟೋ ಜನರ ಮೈಯಲ್ಲಿ ಟಿಬಿ ಕ್ರಿಮಿ ಸುಮ್ನೆ ಮಲಗಿರುತ್ತಲ್ಲ, ರೋಗನಿರೋಧಕ ಶಕ್ತಿ ಕುಸಿದ ಕೂಡ್ಲೆ ಅದು ಎದ್ದು ಕೂರೋದು. ಹಂಗಾಗಿ ಎಷ್ಟೋ ಜನಕ್ಕೆ ಎಚ್‌ಐವಿ ಇದೆ ಅಂತ ಗೊತ್ತಾಗಿದ್ದೇ ತಿಂಗಳುಗಟ್ಲೆ ಬಿಡದ ಕೆಮ್ಮಿಗೆ ಆಸ್ಪತ್ರೆ ಮೆಟ್ಟಿಲು ಹತ್ತಿದಾಗ.