ಮೂರನೇ ಸಾಲಿನ ಹೊರಳು

ಬೇರೆಯವರ ಕಥೆ, ಚಿತ್ರಕಥೆ ತಿದ್ದುವುದು ನನ್ನ ಕೆಲಸ. ಹೊಸಬರು ಈಚೆಗೆ ಜಾಸ್ತಿ ಕೇಳುವ ಪ್ರಶ್ನೆ ಇದು: ‘ಜಪಾನಿನವರ ಕಿಶೋತೆನ್‌ಕೆತ್ಸು ಕ್ರಮದಲ್ಲಿ ಸಂಘರ್ಷವೇ ಇಲ್ಲದೆ ಕಥೆ ಹೇಳಬಹುದಂತೆ, ಹೌದಾ?’ ಅರ್ಧ ಹೌದು.

ಕಿ ಅಂದರೆ ಶುರು, ಶೋ ಅಂದರೆ ಅದನ್ನೇ ಬೆಳೆಸುವುದು, ತೆನ್ ಅಂದರೆ ಹೊರಳು, ಕೆತ್ಸು ಅಂದರೆ ಕಟ್ಟುವುದು. ಬೇರು ಇರುವುದು ಚೀನಾದ ನಾಲ್ಕು ಸಾಲಿನ ಪದ್ಯಗಳಲ್ಲಿ. ಕೊರಿಯಾದಲ್ಲೂ ಇದೇ ಕ್ರಮ ಬಳಕೆಯಲ್ಲಿದೆ.

ಜಪಾನಿನಲ್ಲಿ ಇದನ್ನು ಕಲಿಸುವಾಗ ಹೇಳುವ ಪದ್ಯವೊಂದಿದೆ. ಕವಿ ರಾಯ್ ಸಾನ್‌ಯೋ (1781–1832) ಬರೆದದ್ದು ಅನ್ನುತ್ತಾರೆ. ಪದ್ಯದೊಳಗಿನ ಊರು, ವಯಸ್ಸು ಹೇಳುವವರ ಬಾಯಲ್ಲಿ ಬದಲಾಗುತ್ತಿರುತ್ತವೆ. ಒಂದು ರೂಪ ಹೀಗಿದೆ: ಒಸಾಕಾದ ನೂಲಿನ ಅಂಗಡಿಯವನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ 16, ಚಿಕ್ಕವಳಿಗೆ 14. ದೇಶದ ದೊರೆಗಳು ಬಿಲ್ಲುಬಾಣದಿಂದ ಕೊಲ್ಲುತ್ತಾರೆ. ನೂಲಂಗಡಿಯ ಹುಡುಗಿಯರು ಕಣ್ಣಲ್ಲೇ ಕೊಲ್ಲುತ್ತಾರೆ!

ಮೂರನೇ ಸಾಲಿಗೆ ಬಂದಾಗ ‘ಇವರೆಲ್ಲಿಂದ ಬಂದರಪ್ಪಾ’ ಅನಿಸುತ್ತದೆ ಅಲ್ವಾ? ದೊರೆಗಳಿಗೂ ಹುಡುಗಿಯರಿಗೂ ಜಗಳವಿಲ್ಲ, ಪರಿಚಯವೂ ಇಲ್ಲ. ಆ ಒಂದು ಕ್ಷಣದ ಗಲಿಬಿಲಿಯೇ ಪದ್ಯದ ಜೀವ. ದೊರೆಗಳ ಸಾಲನ್ನು ಮೊದಲಿಗೆ ತಂದು ಓದಿ ನೋಡಿ. ಮಾತು ಅದೇ, ಆದರೆ ಸಪ್ಪೆ ಹೋಲಿಕೆ.

ನನ್ನ ಕೈಗೆ ಬರುವ ಬರಹಗಳು ಎಡವುವುದು ಇಲ್ಲೇ. ತೆನ್ ಎಂದರೆ ಟ್ವಿಸ್ಟ್ ಎಂದುಕೊಂಡು, ಕೊನೆಗೆ ಮಾವನೇ ಕೊಲೆಗಾರ ಅಂದುಬಿಡುತ್ತಾರೆ. ಅಂಥ ಟ್ವಿಸ್ಟ್ ಅಲ್ಲಿಯವರೆಗೆ ನಂಬಿದ್ದನ್ನು ಸುಳ್ಳು ಮಾಡುತ್ತದೆ. ತೆನ್ ಯಾವುದನ್ನೂ ಸುಳ್ಳು ಮಾಡಬೇಕಿಲ್ಲ, ಪಕ್ಕದಲ್ಲಿ ಇನ್ನೊಂದನ್ನು ತಂದಿಟ್ಟರೆ ಸಾಕು. ಇನ್ನು ಎರಡನೇ ಭಾಗವನ್ನು ‘ಏನೂ ಆಗ್ತಿಲ್ಲ’ ಎಂದು ಕತ್ತರಿಸುವವರಿದ್ದಾರೆ. ಓದುಗ ಒಂದು ದಾರಿಗೆ ಒಗ್ಗಿಕೊಳ್ಳದೆ ಹೊರಳುವುದು ಎಲ್ಲಿಂದ?

ಕೊನೆಯ ಕಟ್ಟು ಬಿಗಿಯಾಗಿರಲೇಬೇಕು ಅಂತಿಲ್ಲ. ಚೀನಾದ ಟಾಂಗ್ ರಾಜವಂಶದ ಕಾಲದ ಕವಿ ಮೆಂಗ್ ಹಾವೊರಾನ್ ವಸಂತದ ಬೆಳಗಿನ ಬಗ್ಗೆ 20 ಅಕ್ಷರಗಳ ಪದ್ಯ ಬರೆದ. ಬೆಳಗಾದದ್ದೇ ತಿಳಿಯದ ನಿದ್ದೆ, ಸುತ್ತಲೂ ಹಕ್ಕಿಗಳ ದನಿ. ಮೂರನೇ ಸಾಲಿನಲ್ಲಿ ಥಟ್ಟನೆ ರಾತ್ರಿಯ ಗಾಳಿಮಳೆ. ಆಮೇಲೆ, ಎಷ್ಟು ಹೂ ಉದುರಿದವೋ ಎಂದು ಕೇಳಿ ಸುಮ್ಮನಾಗುತ್ತಾನೆ.

ಹಾಗಂತ ಈ ಕ್ರಮಕ್ಕೆ ಸಂಘರ್ಷ ನಿಷಿದ್ಧವಲ್ಲ. ಯೊನ್‌ಕೊಮಾ ಎಂಬ ನಾಲ್ಕು ಚೌಕದ ಜಪಾನಿ ಕಾಮಿಕ್ಸಿನಲ್ಲಿ ಮನೆಜಗಳ ಬೇಕಾದಷ್ಟಿದೆ. ವಿಡಿಯೊ ಗೇಮ್ ಕಂಪನಿ ನಿಂಟೆಂಡೊದ ಕೊಯಿಚಿ ಹಯಾಶಿದಾ ಮಾರಿಯೋ ಆಟದ ಹಂತಗಳನ್ನೂ ಹೀಗೇ ಕಟ್ಟುತ್ತೇವೆ ಎಂದಿದ್ದರು. ಅಲ್ಲಿ ಶತ್ರುಗಳಿಗೇನು ಬರವೇ? ಆದರೆ ಕಥೆ ಓಡಲು ಜಗಳವೇ ಆಗಬೇಕಿಲ್ಲ, ಅಷ್ಟೇ.

ಕಲಿಯುವವರಿಗೆ ನಾನು ಕೊಡುವುದು ನಾಲ್ಕು ಖಾಲಿ ಚೌಕ. ಅಜ್ಜಿ ತಾರಸಿಯಲ್ಲಿ ಹಪ್ಪಳ ಹರಡುತ್ತಾಳೆ. ಕಾಗೆ ಬಾರದಿರಲಿ ಎಂದು ಪಕ್ಕದಲ್ಲಿ ಕಪ್ಪು ಕೊಡೆ ಬಿಚ್ಚಿಡುತ್ತಾಳೆ. ಮೂರನೆಯದರಲ್ಲಿ ಆಫೀಸಿನ ಬಾಗಿಲಲ್ಲಿ ಮೋಡ ನೋಡುತ್ತಾ ಚೀಲ ತಡಕಾಡುವ ಮಗ. ನಾಲ್ಕನೆಯದು ಹೋಂವರ್ಕ್.