ಓದುಗರ ಪ್ರಶ್ನೆ: ಬದಲಿ ಆಟಗಾರರನ್ನು ಇಳಿಸಿ ಐಸ್ ಹಾಕಿ ನಡೆಸಿದರೆ ತಪ್ಪೇನು?

ಪ್ರಶ್ನೆ: ಕೋಟಿಗಟ್ಟಲೆ ಡಾಲರ್ ಸಂಬಳ ಸಾಲದೆಂದು ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಆಟಗಾರರು ಮುಷ್ಕರ ಹೂಡುತ್ತಾರೆ. ಅವರನ್ನು ಬಿಟ್ಟು ಬೇರೆಯವರನ್ನು ಆಡಿಸಿದರೆ ನಮಗೆ ಆಟವಾದರೂ ನೋಡಲು ಸಿಗುತ್ತದಲ್ಲ? ನೀವು ಇದನ್ನು ವಿರೋಧಿಸುವುದೇಕೆ?

ಉತ್ತರ: ಮತ್ತೆ ಅದೇ ಪ್ರಶ್ನೆ. ಐಸ್ ಹಾಕಿಯಲ್ಲಿ ಒಪ್ಪಂದ, ಸಂಬಳ ಅಂತ ಯಾರಾದರೂ ಬಾಯಿ ತೆರೆದರೆ ಸಾಕು, ಇದು ಬಂದೇ ಬರುತ್ತದೆ. ಈ ಸಲ ಉದ್ದಕ್ಕೇ ಬರೆದುಬಿಡುತ್ತೇನೆ, ಇನ್ನು ಕೇಳಿದವರಿಗೆಲ್ಲ ಇದನ್ನೇ ತೋರಿಸಿದರಾಯಿತು.

ಮೊದಲು ಪ್ರಶ್ನೆಯ ಮೊದಲ ವಾಕ್ಯವೇ ತಪ್ಪು. ಎನ್‌ಎಚ್‌ಎಲ್ ಆಟಗಾರರ ಯೂನಿಯನ್ ಲೀಗ್ ನಿಲ್ಲುವಂಥ ಮುಷ್ಕರ ಹೂಡಿದ್ದು ಒಂದೇ ಸಲ, 1992ರ ಏಪ್ರಿಲ್‌ನಲ್ಲಿ. ಹತ್ತು ದಿನ ನಡೆಯಿತು, ತಪ್ಪಿದ ಪಂದ್ಯಗಳನ್ನು ಆಮೇಲೆ ಆಡಿ ಮುಗಿಸಿದರು. ಜನರ ನೆನಪಿನಲ್ಲಿ ಉಳಿದಿರುವ ದೊಡ್ಡ ಸ್ಥಗಿತಗಳು ಬೇರೆ. 1994ರ ಅಕ್ಟೋಬರ್‌ನಿಂದ 1995ರ ಜನವರಿವರೆಗಿನದು ಒಂದು, 84 ಪಂದ್ಯಗಳ ಋತು 48ಕ್ಕೆ ಇಳಿಯಿತು. 2004ರ ಸೆಪ್ಟೆಂಬರ್‌ನಲ್ಲಿ ಶುರುವಾದದ್ದು ಇನ್ನೊಂದು. ಕಮಿಷನರ್ ಗ್ಯಾರಿ ಬೆಟ್‌ಮನ್ 2005ರ ಫೆಬ್ರವರಿ 16ರಂದು ಇಡೀ ಋತುವನ್ನೇ ರದ್ದು ಮಾಡಿದರು, 1,230 ಪಂದ್ಯಗಳು ಹೋದವು. 2012ರ ಸೆಪ್ಟೆಂಬರ್‌ನಿಂದ 2013ರ ಜನವರಿವರೆಗಿನದು ಮೂರನೆಯದು, ಅಲ್ಲೂ ಉಳಿದದ್ದು 48 ಪಂದ್ಯ. ಈ ಮೂರೂ ಲಾಕೌಟ್. ಮೂರಕ್ಕೆ ಮೂರೂ! ಬೀಗ ಹಾಕಿದವರು ಮಾಲೀಕರು. 2012ರಲ್ಲಂತೂ ಹಳೆಯ ಒಪ್ಪಂದದ ಷರತ್ತಿನಲ್ಲೇ ಆಡುತ್ತಿರುತ್ತೇವೆ, ಮಾತುಕತೆ ಜೊತೆಜೊತೆಗೆ ನಡೆಯಲಿ ಎಂದು ಯೂನಿಯನ್ ಹೇಳಿತ್ತು. ಮಾಲೀಕರು ಒಪ್ಪಲಿಲ್ಲ. 2020ರ ಕೊನೆಯಲ್ಲಿ ಬಿಡದಿಯ ಕಾರು ಕಾರ್ಖಾನೆಯ ಸುದ್ದಿ ಓದಿದವರಿಗೆ ಮುಷ್ಕರವೂ ಲಾಕೌಟೂ ಬೇರೆ ಬೇರೆ ಎಂದು ನಾನು ಹೇಳಿಕೊಡಬೇಕಿಲ್ಲ. ಹಾಕಿ ಎಂದಕೂಡಲೇ ಮಾತ್ರ ಎಲ್ಲರಿಗೂ ಅದು ಮರೆತುಹೋಗುತ್ತದೆ.

ಇದು ಬರೀ ಹೆಸರಿನ ತಕರಾರಲ್ಲ. ಬದಲಿ ಆಟಗಾರರ ವಿಷಯ ನಿಂತಿರುವುದೇ ಇದರ ಮೇಲೆ. ಮುಷ್ಕರ ಹೂಡಿದವರ ಜಾಗಕ್ಕೆ ಕಾಯಂ ಆಗಿ ಬೇರೆಯವರನ್ನು ತೆಗೆದುಕೊಳ್ಳಲು ಅಮೆರಿಕದಲ್ಲಿ ಅವಕಾಶ ಇದೆ. ಅದು 1938ರ ಮ್ಯಾಕೆ ರೇಡಿಯೋ ಪ್ರಕರಣದ ತೀರ್ಪಿನಿಂದ ಬಂದದ್ದು. ತಾವೇ ಹೊರಗೆ ಹಾಕಿ ಬೀಗ ಜಡಿದವರ ಜಾಗಕ್ಕೆ ಕಾಯಂ ಬದಲಿಯವರನ್ನು ತರುವಂತಿಲ್ಲ, ತಂದರೆ ತಾತ್ಕಾಲಿಕವಾಗಿ ಮಾತ್ರ. ಹಾಗಾಗಿ ಲಾಕೌಟ್ ಮಾಡಿದ ಮಾಲೀಕರು ಬದಲಿ ತಂಡ ಕಟ್ಟಬೇಕೆಂದರೆ ಒಂದು ಸುತ್ತುದಾರಿ ಹಿಡಿಯಬೇಕು. ಮಾತುಕತೆ ಇನ್ನು ಮುಂದೆ ಹೋಗುವುದಿಲ್ಲ ಎಂದು ಘೋಷಿಸಬೇಕು. ತಮ್ಮ ಕೊನೆಯ ಪ್ರಸ್ತಾಪವನ್ನೇ ಒಪ್ಪಂದವೆಂಬಂತೆ ಜಾರಿಗೆ ತರಬೇಕು. ಆಮೇಲೆ ಬಾಗಿಲು ತೆರೆದು 'ಬನ್ನಿ, ಆಡಿ' ಎನ್ನಬೇಕು. ಈಗ ಯೂನಿಯನ್‌ಗೆ ಉಳಿಯುವುದು ಎರಡೇ: ಆ ಷರತ್ತಿಗೆ ತಲೆಬಾಗಿ ಆಡುವುದು, ಇಲ್ಲವೇ ಮುಷ್ಕರ ಹೂಡುವುದು. ಹೂಡಿದ ಕ್ಷಣಕ್ಕೆ ನೀವು ಹೇಳುವ 'ಮುಷ್ಕರ ಹೂಡಿದ ಆಟಗಾರರು' ಹುಟ್ಟುತ್ತಾರೆ, ಬದಲಿಯವರಿಗೆ ಬಾಗಿಲೂ ತೆರೆಯುತ್ತದೆ. 2005ರಲ್ಲಿ ಋತು ರದ್ದಾದ ಮೇಲೆ ಮುಂದಿನ ಋತುವಿಗೆ ಬದಲಿ ಆಟಗಾರರ ಮಾತು ಗಟ್ಟಿಯಾಗಿಯೇ ಕೇಳಿಬಂದದ್ದು ಈ ಲೆಕ್ಕದಲ್ಲಿ.

ಈ ದಾರಿಯಲ್ಲಿ ಎಡವುವುದು ಸಾಮಾನ್ಯವಾಗಿ ಮೊದಲ ಹೆಜ್ಜೆಯಲ್ಲೇ. ಮಾತುಕತೆ ನಿಜವಾಗಿ ಮುರಿದಿದೆಯೇ, ಪ್ರಾಮಾಣಿಕವಾಗಿ ಚೌಕಾಸಿ ನಡೆದಿತ್ತೇ ಎಂದು ಅಮೆರಿಕ ಸರ್ಕಾರದ ಕಾರ್ಮಿಕ ಮಂಡಳಿ ಕೇಳುತ್ತದೆ. ಬೇಸ್‌ಬಾಲ್ ಮಾಲೀಕರು 1995ರಲ್ಲಿ, ಆಟಗಾರರ ಮುಷ್ಕರದ ನಡುವೆ, ಬದಲಿಯವರನ್ನು ಕಟ್ಟಿಕೊಂಡು ವಸಂತದ ಅಭ್ಯಾಸ ಪಂದ್ಯಗಳನ್ನೂ ಆಡಿಸಿಬಿಟ್ಟಿದ್ದರು. ಋತು ಶುರುವಾಗಲು ಎರಡೇ ದಿನ ಇರುವಾಗ, ಮಾರ್ಚ್ 31ರಂದು, ನ್ಯಾಯಾಧೀಶೆ ಸೋನಿಯಾ ಸೊಟೊಮಯೊರ್ ತಡೆಯಾಜ್ಞೆ ಕೊಟ್ಟು ಹಳೆಯ ಷರತ್ತುಗಳೇ ಮುಂದುವರಿಯಬೇಕೆಂದರು. ಮುಷ್ಕರ ಮುಗಿಯಿತು, ಬದಲಿಯವರು ಗಂಟುಮೂಟೆ ಕಟ್ಟಿದರು. ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ ಸೊಟೊಮಯೊರ್ ಇವರೇ.

ಸರಿ, ಕೋರ್ಟು ಅಡ್ಡ ಬರಲಿಲ್ಲ ಅಂದುಕೊಳ್ಳಿ. 'ಆಟವಾದರೂ ಸಿಗುತ್ತದಲ್ಲ' ಎಂಬುದಕ್ಕೆ ಉತ್ತರ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ 1987ರ ಋತುವಿನಲ್ಲಿದೆ. ಅಲ್ಲಿ ನಿಜವಾಗಿಯೂ ಮುಷ್ಕರವೇ ನಡೆದಿತ್ತು. ಒಂದು ವಾರದ ಪಂದ್ಯಗಳು ರದ್ದಾದವು, ಆಮೇಲಿನ ಮೂರು ವಾರ ಬದಲಿಯವರು ಆಡಿದರು, ಆ ಫಲಿತಾಂಶಗಳನ್ನು ಅಂಕಪಟ್ಟಿಗೂ ಸೇರಿಸಿದರು. ಅಕ್ಟೋಬರ್ 4ರಂದು ಫಿಲಡೆಲ್ಫಿಯಾದ ಅಷ್ಟು ದೊಡ್ಡ ಕ್ರೀಡಾಂಗಣದಲ್ಲಿ ಪಂದ್ಯ ನೋಡಲು ಕೂತವರು 4,074 ಮಂದಿ. ಆಸನ ಖಾಲಿಯಿದ್ದರೂ ಟಿವಿ ಹಣ ಬರುತ್ತಲೇ ಇತ್ತು, ಹಾಗಾಗಿ ಮಾಲೀಕರಿಗೆ ಬಿಸಿ ತಟ್ಟಲಿಲ್ಲ. ಜೋ ಮೊಂಟಾನಾ, ಲಾರೆನ್ಸ್ ಟೇಲರ್ ಅಂಥ ತಾರೆಗಳೇ ಮುಷ್ಕರ ಹೂಡಿದವರ ಸಾಲು ದಾಟಿ ಆಡಲು ಒಳಗೆ ಹೋದರು. 24 ದಿನಕ್ಕೆ ಯೂನಿಯನ್ ಒಪ್ಪಂದವಿಲ್ಲದೆ ಕೆಲಸಕ್ಕೆ ಮರಳಿತು. ಬದಲಿ ಆಟಗಾರರು ಇರುವುದು ಇದಕ್ಕೇ, ನಿಮ್ಮ ಭಾನುವಾರ ಬೇಜಾರಾಗದಿರಲಿ ಎಂದಲ್ಲ. ಎನ್‌ಎಚ್‌ಎಲ್‌ನ ಆದಾಯವಾದರೋ ಫುಟ್‌ಬಾಲ್‌ಗಿಂತ ಹೆಚ್ಚಾಗಿ ಗೇಟಿನಲ್ಲಿ ಟಿಕೆಟ್ ಕೊಳ್ಳುವ ಅಭಿಮಾನಿಯ ಮೇಲೆಯೇ ನಿಂತಿದೆ. ಅಂದರೆ ಇಲ್ಲಿ ಆ ಅಸ್ತ್ರ ನಡೆಯಬೇಕಾದರೆ ನೀವೇ ಹೋಗಿ ಕೂರಬೇಕು.

ಆಡುವವರಾದರೂ ಯಾರು? 2005ರಲ್ಲಿ 30 ತಂಡ, ತಲಾ 23 ಜನ, ಒಟ್ಟು 690 ಮಂದಿ ಬೇಕಿತ್ತು. ಅಷ್ಟು ಜನ ಸಿಗುವುದು ಎಎಚ್‌ಎಲ್, ಇಸಿಎಚ್‌ಎಲ್‌ನಂಥ ಕೆಳಗಿನ ಲೀಗ್‌ಗಳಲ್ಲಿ. ಅಲ್ಲಿನ ಒಳ್ಳೆಯ ಹುಡುಗರೆಲ್ಲ ನಾಳೆ ಇದೇ ಯೂನಿಯನ್ನಿನ ಸದಸ್ಯರಾಗಬೇಕಾದವರು. ಮೂರು ವಾರದ ಸಂಬಳಕ್ಕಾಗಿ ಮುಂದಿನ ಹತ್ತು ವರ್ಷ ಒಂದೇ ಡ್ರೆಸಿಂಗ್ ರೂಮಿನಲ್ಲಿ ಇರಬೇಕಾದವರನ್ನು ಎದುರು ಹಾಕಿಕೊಳ್ಳುವುದೇ? 1995ರ ಅಭ್ಯಾಸ ಪಂದ್ಯಗಳಲ್ಲಿ ಬದಲಿಯಾಗಿ ಆಡಿದ ಕೆವಿನ್ ಮಿಲ್ಲರ್‌ಗೆ ಬೇಸ್‌ಬಾಲ್ ಯೂನಿಯನ್ ಸದಸ್ಯತ್ವವನ್ನೇ ಕೊಡಲಿಲ್ಲ. ಒಂಬತ್ತು ವರ್ಷದ ನಂತರ, 2004ರಲ್ಲಿ, ಬೋಸ್ಟನ್ ರೆಡ್ ಸಾಕ್ಸ್ 86 ವರ್ಷಗಳ ಬರ ನೀಗಿಸಿ ಚಾಂಪಿಯನ್ ಆದಾಗ ಮಿಲ್ಲರ್ ಆ ತಂಡದಲ್ಲಿದ್ದರು; ಯೂನಿಯನ್ ಪರವಾನಗಿಯ ಸ್ಮರಣಿಕೆಗಳ ಮೇಲೆ ಅವರ ಹೆಸರು ಇರಲಿಲ್ಲ.

ಕೆನಡಾದಲ್ಲಿರುವ ಓದುಗರಿಗೊಂದು ಮಾತು. 'ಕೆನಡಾದಲ್ಲಿ ಇದಕ್ಕೆ ನಿಷೇಧ ಇದೆ' ಎನ್ನುವುದು ಅರ್ಧ ಸತ್ಯ. ಹಾಕಿ ತಂಡಗಳು ಬರುವುದು ಪ್ರಾಂತ್ಯದ ಕಾರ್ಮಿಕ ಕಾನೂನಿನಡಿ. ಕ್ವಿಬೆಕ್‌ನಲ್ಲಿ 1977ರಿಂದ, ಬ್ರಿಟಿಷ್ ಕೊಲಂಬಿಯಾದಲ್ಲಿ 1993ರಿಂದ, ಮ್ಯಾನಿಟೋಬದಲ್ಲಿ 2024ರಿಂದ ಬದಲಿ ಕೆಲಸಗಾರರಿಗೆ ನಿಷೇಧ ಇದೆ. ಅಂದರೆ ಎನ್‌ಎಚ್‌ಎಲ್ ತಂಡಗಳ ಊರುಗಳಲ್ಲಿ ಮಾಂಟ್ರಿಯಲ್, ವ್ಯಾಂಕೂವರ್, ವಿನಿಪೆಗ್. ಒಂಟಾರಿಯೊ ತಂದಿದ್ದ ನಿಷೇಧವನ್ನು 1995ರಲ್ಲೇ ತೆಗೆದುಹಾಕಿತು. ಅದು ಜಾರಿಯಲ್ಲಿದ್ದಾಗ ಅಲ್ಲಿನ ಬೇಸ್‌ಬಾಲ್ ತಂಡ ಟೊರಾಂಟೊ ಬ್ಲೂ ಜೇಸ್ ಬದಲಿ ತಂಡದ ತವರು ಪಂದ್ಯಗಳನ್ನು ಫ್ಲಾರಿಡಾದ ಡನೀಡನ್‌ನಲ್ಲಿ ಆಡಲು ಹೊರಟಿತ್ತು! ಕಾನೂನಿದ್ದರೂ ಸಾಲದು, ಆ ಪ್ರಾಂತ್ಯದಲ್ಲಿ ಯೂನಿಯನ್‌ಗೆ ಮಾನ್ಯತೆಯೂ ಬೇಕೆಂಬ ವಾದ ಇದೆ. ಅದಕ್ಕೇ 2005ರಲ್ಲಿ ಆಟಗಾರರ ಯೂನಿಯನ್ ಬ್ರಿಟಿಷ್ ಕೊಲಂಬಿಯಾದಲ್ಲಿ ಮಾನ್ಯತೆಗೆ ಅರ್ಜಿ ಹಾಕಿತ್ತು.

ಸೀಸನ್ ಟಿಕೆಟ್ ಇದ್ದವರು ಕರಾರಿನಲ್ಲಿ ಒಂದೇ ಒಂದು ಷರತ್ತು ಹುಡುಕಿ: ಪಂದ್ಯ ರದ್ದಾದರೆ ಹಣ ವಾಪಸ್ ಎಂದಿದೆಯೋ, ಮುಂದಿನ ವರ್ಷಕ್ಕೆ ಜಮಾ ಎಂದಿದೆಯೋ. ನೀವು ಹಣ ಕೊಟ್ಟಿರುವುದು 'ಪಂದ್ಯ'ಕ್ಕೆ, ಅಲ್ಲಿ ಆಟಗಾರನ ಹೆಸರಿರುವುದಿಲ್ಲ. ಬದಲಿಯವರು ಆಡಿದರೂ ಪಂದ್ಯ ನಡೆದಂತೆಯೇ, ವಾಪಸ್ ಕೇಳಲು ನೆಲೆ ಕಷ್ಟ. ಆಡಳಿತ ಬದಲಿಯವರ ಮಾತೆತ್ತುವ ಮೊದಲೇ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ.

ಅಂದಹಾಗೆ ಯಾರೂ ಕೇಳದ ಪ್ರಶ್ನೆ ಒಂದಿದೆ: ಬದಲಿ ರೆಫರಿಗಳು? ಅವರನ್ನು ಎನ್‌ಎಚ್‌ಎಲ್ ನಿಜಕ್ಕೂ ಇಳಿಸಿದೆ. 1988ರ ಮೇ 8ರಂದು ನ್ಯೂಜೆರ್ಸಿಯಲ್ಲಿ ಪ್ಲೇಆಫ್ ಪಂದ್ಯ. ಹಿಂದಿನ ಪಂದ್ಯದ ನಂತರ ರೆಫರಿ ಡಾನ್ ಕೊಹಾರ್ಸ್ಕಿ ಮೇಲೆ ಕೂಗಾಡಿ ಅಮಾನತಾಗಿದ್ದ ಕೋಚ್ ಜಿಮ್ ಶೋನ್‌ಫೆಲ್ಡ್ ಕೋರ್ಟಿನ ಆದೇಶ ತಂದು ಬೆಂಚಿಗೆ ಬಂದಾಗ, ನೇಮಕವಾಗಿದ್ದ ರೆಫರಿಗಳು ಐಸ್‌ಗೆ ಇಳಿಯಲಿಲ್ಲ. ಐಸ್‌ನ ಹೊರಗೆ ಕೆಲಸ ಮಾಡುವ ಅಧಿಕಾರಿಗಳಿಗೇ ಸ್ಕೇಟ್ ಕಟ್ಟಿಸಿದರು. ಲೈನ್ಸ್‌ಮನ್‌ಗಳು ಪಟ್ಟೆ ಅಂಗಿಯಿಲ್ಲದೆ ಹಳದಿ ಅಭ್ಯಾಸದ ಜೆರ್ಸಿಯಲ್ಲಿ ಶುರು ಮಾಡಿದರು. 1993ರ ನವೆಂಬರ್‌ನಲ್ಲಿ ರೆಫರಿಗಳು 17 ದಿನ ನಿಜವಾದ ಮುಷ್ಕರವನ್ನೇ ಹೂಡಿದರು, ಲೀಗ್ ಬದಲಿಯವರ ಕೈಗೆ ಸೀಟಿ ಕೊಟ್ಟು ಆಟ ಮುಂದುವರಿಸಿತು. ಆಗ ಆ ಬದಲಿಯವರ ಸೀಟಿಗೆ ಆಡಿದವರು ಇದೇ ಆಟಗಾರರು, ಇದೇ ಯೂನಿಯನ್ನಿನ ಸದಸ್ಯರು. ಒಂದೇ ಒಂದು ಪಂದ್ಯವನ್ನೂ ಅವರು ಬಿಟ್ಟುಕೊಡಲಿಲ್ಲ. ಅಭಿಮಾನಿಗಳಿಗೆ ಉಪದೇಶ ಮಾಡಲು ಬರುವ ಆಟಗಾರರನ್ನು ಕೇಳಬೇಕಾದ ಪ್ರಶ್ನೆ ಇದು, ಕೇಳುವವರೇ ಇಲ್ಲ.