ಟ್ರ್ಯಾಪ್ ಕ್ಯಾಮೆರಾದಲ್ಲಿ ಬರೀ ಹುಲ್ಲೇ ಬರುತ್ತಿದೆ, ಏಕೆ?

ಪ್ರಶ್ನೆ: ಚಿಕ್ಕಮಗಳೂರಿನ ರತ್ನಗಿರಿ ಬೋರೆಯಂಥ ಉದ್ಯಾನದಲ್ಲಿ ರಾತ್ರಿ ಯಾವ ಪ್ರಾಣಿ ಓಡಾಡುತ್ತದೆಂದು ತಿಳಿಯಲು ಟ್ರ್ಯಾಪ್ ಕ್ಯಾಮೆರಾ (ಎದುರು ಪ್ರಾಣಿ ಸರಿದಾಗ ತಾನೇ ಫೋಟೊ ತೆಗೆಯುವ ಕ್ಯಾಮೆರಾ) ಕಟ್ಟಿದರೆ, ನೂರಾರು ಖಾಲಿ ಫೋಟೊ ಬರುತ್ತವೆ. ಕ್ಯಾಮೆರಾ ಕೆಟ್ಟಿದೆಯೇ?

ಬಹುತೇಕ ಇಲ್ಲ. ಕಟ್ಟಿದ ರೀತಿ ತಪ್ಪಿರುತ್ತದೆ. ಸುತ್ತಲಿಗಿಂತ ಬೇರೆ ಬಿಸಿಯ ವಸ್ತು ಅಡ್ಡ ಸರಿದಾಗ ಇದರ ಸೆನ್ಸರ್ ಎಚ್ಚರಗೊಳ್ಳುತ್ತದೆ. ಬಿಸಿಲಿಗೆ ಕಾದ ಹುಲ್ಲೋ ಲಂಟಾನದ ರೆಂಬೆಯೋ ಗಾಳಿಗೆ ಆಡಿದರೂ ಅದಕ್ಕೆ ಸಾಕು.

ಮೊದಲು ಫೋಟೊಗಳ ಸಮಯ ನೋಡಿ. ಖಾಲಿ ಚಿತ್ರಗಳು ಮಧ್ಯಾಹ್ನದವಾದರೆ ಹುಲ್ಲಿನ ಕೆಲಸ. ಮುಂದಿನ ಮೂರು ಮೀಟರ್‌ನಷ್ಟು ಜಾಗವನ್ನು ಉದ್ಯಾನದ ಮಾಲಿಗೆ ಹೇಳಿ ಸವರಿಸಿ. ರಾತ್ರಿಯವಾದರೆ ಬಹುಶಃ ಪ್ರಾಣಿ ಬಂದಿದೆ, ಕ್ಯಾಮೆರಾ ಕಣ್ಣು ಬಿಡುವಷ್ಟರಲ್ಲಿ ದಾಟಿದೆ, ಇಲ್ಲವೇ ಚೌಕಟ್ಟಿನ ಕೆಳಗೆ ನುಸುಳಿದೆ. ಎದೆಮಟ್ಟಕ್ಕೆ ಕಟ್ಟುವವರಿಗೆ ಪುನುಗು ಬೆಕ್ಕು ಸಿಗುವುದು ಕಷ್ಟ. ನೆಲದಿಂದ 30–40 ಸೆಂ.ಮೀ. ಎತ್ತರ, ಜಾಡಿನಿಂದ 2–3 ಮೀಟರ್ ದೂರ ಇರಲಿ. ಜಾಡಿಗೆ ಓರೆಯಾಗಿ ಕಟ್ಟಿದರೆ ಪ್ರಾಣಿ ಚೌಕಟ್ಟಿನೊಳಗೆ ಹೆಚ್ಚು ಹೊತ್ತು ಇರುತ್ತದೆ. ಮುಖ ಉತ್ತರಕ್ಕೋ ದಕ್ಷಿಣಕ್ಕೋ ಇದ್ದರೆ ಏಳುವ, ಮುಳುಗುವ ಸೂರ್ಯನ ಕಾಟವಿಲ್ಲ. ಕಟ್ಟಿದ ಮೇಲೆ ಅಂಬೆಗಾಲಿಟ್ಟು ದಾಟಿ ನೋಡಿ; ನಗುವವರು ನಗಲಿ, ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಜಾಗ ಆರಿಸಲು ಹಿಕ್ಕೆಯೇ ದಾರಿ. ಕಲ್ಲಿನ ಮೇಲೆ, ಬಿದ್ದ ದಿಮ್ಮಿಯ ಮೇಲೆ ಕಾಫಿ ಬೀಜ, ಬಗನಿ ಮರದ ಬೀಜ ತುಂಬಿದ ಪುನುಗಿನ ಹಿಕ್ಕೆ ಕಂಡರೆ ಅಲ್ಲೇ ಕಟ್ಟಿ. ಬೇಲಿಯಡಿಯ ಸಂದು, ಮೋರಿ, ಹಣ್ಣು ಬಿಟ್ಟ ಅತ್ತಿಮರದ ಬುಡವೂ ಆಗುತ್ತದೆ. ಆಹಾರ ಇಟ್ಟು ಕರೆಯಬೇಡಿ, ಬರುವುದು ಬೀದಿನಾಯಿ. ಹುಲಿ ಗಣತಿಯಲ್ಲಿ ಒಂದೊಂದು ಹುಲಿಯನ್ನೂ ಗುರುತಿಸಲು ಎರಡೂ ಮಗ್ಗುಲಿನ ಪಟ್ಟೆ ಬೇಕೆಂದು ಎರಡು ಕ್ಯಾಮೆರಾ ಎದುರುಬದುರು ಕಟ್ಟುತ್ತಾರೆ. ಯಾವ ಪ್ರಾಣಿಯೆಂದು ತಿಳಿಯಲು ಒಂದೇ ಸಾಕು. ಫೋಟೊದಲ್ಲಿ ಬಾಲ ನೋಡಿ: ಉಂಗುರ ಪಟ್ಟೆಯಿದ್ದರೆ ನೆಲದ ಪುನುಗು, ಇಡೀ ಕಪ್ಪಾದರೆ ಮರ ಹತ್ತುವ ಪುನುಗು.

ಸಾರ್ವಜನಿಕ ಜಾಗವಾದ್ದರಿಂದ ಉದ್ಯಾನ ನೋಡಿಕೊಳ್ಳುವ ಇಲಾಖೆಯ ಲಿಖಿತ ಅನುಮತಿ, ಬೀಗವಿರುವ ಕೇಬಲ್ ಎರಡೂ ಬೇಕು. ರಾತ್ರಿ ಫೋಟೊಗೆ ಬೇಕಾದ ಇನ್‌ಫ್ರಾರೆಡ್ ಫ್ಲ್ಯಾಶ್‌ನಲ್ಲಿ ಎರಡು ಬಗೆ: 850 ನ್ಯಾನೊಮೀಟರ್ ತರಂಗಾಂತರದ್ದು ಕತ್ತಲಲ್ಲಿ ಕೆಂಪಗೆ ಮಿನುಗಿ ಕಳ್ಳರನ್ನು ಕರೆಯುತ್ತದೆ. 940ರದ್ದು ಕಾಣದು, ಆದರೆ ಅಷ್ಟು ದೂರ ಬೆಳಕು ಚೆಲ್ಲದು. ಸಿಕ್ಕ ಜನರ ಫೋಟೊಗಳನ್ನು ಅಳಿಸಿ.

ಮಳೆಗಾಲದ ಮಂಜಿನಲ್ಲಿ ಫ್ಲ್ಯಾಶ್ ತಿರುಗಿ ಬಡಿದು ಚಿತ್ರ ಬೆಳ್ಳಗಾಗುತ್ತದೆ, ಜೇಡರ ಬಲೆಯೂ ಹಾಗೇ ಮಾಡುತ್ತದೆ. ಕ್ಯಾಮೆರಾ ಒಳಗೊಂದು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಹಳೆ, ಹೊಸ ಬ್ಯಾಟರಿ ಬೆರೆಸಬೇಡಿ. ಬ್ಯಾಟರಿ ಬದಲಿಸಿದಾಗ ಕೆಲವು ಮಾದರಿಗಳಲ್ಲಿ ಗಡಿಯಾರ ತಾನೇ ಆರಂಭದ ತಾರೀಕಿಗೆ ಮರಳುತ್ತದೆ. ತಾರೀಕು, ಜಾಗ ಬರೆದ ಚೀಟಿಯನ್ನು ಮೊದಲ ಫೋಟೊಗೆ ಹಿಡಿಯಿರಿ.